ಅಲೆಯಿಂದ ಕರೆಂಟು: ಸಾಲ್ಟರ್ ಅವರ ‘ಡಕ್’ನ ಮೊದಲ ನಕ್ಷೆಗಳಲ್ಲಿ ಏನಿತ್ತು, ಏನಿರಲಿಲ್ಲ

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆಯ ಸರಬರಾಜನ್ನು ಬಿಗಿ ಮಾಡಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಬ್ರಿಟನ್ನಿನಲ್ಲಿ ಇದರ ಜತೆಗೆ ಕಲ್ಲಿದ್ದಲು ಗಣಿ ಕಾರ್ಮಿಕರ ಹೋರಾಟವೂ ಸೇರಿಕೊಂಡಿತು. 1974ರ ಜನವರಿಯಿಂದ ಅಲ್ಲಿನ ಬಹುಪಾಲು ಕಾರ್ಖಾನೆ, ಅಂಗಡಿಗಳು ವಾರಕ್ಕೆ ಮೂರೇ ದಿನ ಕರೆಂಟು ಬಳಸಬೇಕು ಅನ್ನುವ ನಿಯಮ ಬಂತು.

ಅಲೆಯಿಂದ ಕರೆಂಟು ತೆಗೆಯುವ ‘ಡಕ್’ ಯಂತ್ರವನ್ನು ಮುಂದೆ ರೂಪಿಸಿದ, ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಎಂಜಿನಿಯರ್ ಸ್ಟೀಫನ್ ಸಾಲ್ಟರ್ ಆ ಹೊತ್ತಿನಲ್ಲಿ ಫ್ಲೂ ಹಿಡಿದು ಮಲಗಿದ್ದರು. ಸುಮ್ನೆ ಮಲಗಿ ಕೊರಗುವ ಬದಲು ಈ ಎಣ್ಣೆ ಸಮಸ್ಯೆಗೊಂದು ದಾರಿ ಹುಡುಕಿ ಅಂತ ಪತ್ನಿ ಮಾರ್ಗರೆಟ್ ಡೊನಾಲ್ಡ್‌ಸನ್ ಹೇಳಿದರಂತೆ. ಮಕ್ಕಳ ಮನಶ್ಶಾಸ್ತ್ರದಲ್ಲಿ ಅವರದು ದೊಡ್ಡ ಹೆಸರು. ಏನು ಬೇಕು ಅನ್ನುವುದನ್ನೂ ಅವರೇ ಹೇಳಿದರು. ಭಾರೀ ಪ್ರಮಾಣದಲ್ಲಿ ಸಿಗಬೇಕು. ಸ್ವಚ್ಛವಾಗಿರಬೇಕು, ಅಪಾಯ ಇರಬಾರದು. ಸ್ಕಾಟ್ಲೆಂಡಿನ ಚಳಿಗಾಲದಲ್ಲೂ ನಡೆಯಬೇಕು. ಎಂದೂ ಮುಗಿಯಬಾರದು. ಸಾಲ್ಟರ್ ಮುಂದೆ ಹಲವು ಸಲ ಹೇಳಿಕೊಂಡ ಪ್ರಸಂಗ ಇದು. ವಿನ್ಯಾಸದ ಕೆಲಸ ಮಾಡುವವರಿಗೆ ಇಷ್ಟು ಒಳ್ಳೆಯ ಬೇಡಿಕೆ ಪಟ್ಟಿ ಸಿಗುವುದು ಅಪರೂಪ. ಏನು ಮಾಡಬೇಕು ಅಂತ ಇದೆ, ಹೇಗೆ ಮಾಡಬೇಕು ಅಂತ ಇಲ್ಲ.

ಆ ಪಟ್ಟಿಗೆ ಹೊಂದುವ ಒಂದು ಮೂಲ ಸ್ಕಾಟ್ಲೆಂಡಿನ ಪಶ್ಚಿಮಕ್ಕೇ ಇತ್ತು: ಅಟ್ಲಾಂಟಿಕ್ ಕಡಲಿನ ಅಲೆ. ಚಳಿಗಾಲದಲ್ಲಿ ಅಲ್ಲಿ ಬಿಸಿಲು ಕಡಿಮೆ, ಅಲೆ ಜಾಸ್ತಿ. ಕರೆಂಟಿನ ಬೇಡಿಕೆಯೂ ಆಗಲೇ ಜಾಸ್ತಿ.

ಆಳದ ಕಡಲಲ್ಲಿ ಎತ್ತರ 2 ಮೀಟರ್, ಒಂದರಿಂದ ಇನ್ನೊಂದಕ್ಕೆ 8 ಸೆಕೆಂಡಿನ ಅಂತರ ಇರುವ ಅಲೆಗಳು ಬರುತ್ತಿವೆ ಅಂದುಕೊಳ್ಳೋಣ. ಅಲೆಯ ಸಾಲಿನ ಉದ್ದಕ್ಕೆ ಪ್ರತಿ ಮೀಟರಿನಲ್ಲಿ ಸುಮಾರು 31 ಕಿಲೋವ್ಯಾಟ್ ಹರಿಯುತ್ತಿರುತ್ತದೆ. ಎತ್ತರ 4 ಮೀಟರ್ ಆದರೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಸ್ಕಾಟ್ಲೆಂಡಿನ ಸೌತ್ ಉಯಿಸ್ಟ್ ದ್ವೀಪದ ಆಚೆಗೆ ವರ್ಷದ ಸರಾಸರಿಯೇ ಮೀಟರಿಗೆ 50 ಕಿಲೋವ್ಯಾಟಿನ ಆಸುಪಾಸು. ಆಸೆ ಹುಟ್ಟುವುದು ಸಹಜ, ಅಲ್ವಾ? ಆದರೆ ಅದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ದಿನವೂ ದುಡಿಯಬೇಕಾದ ಯಂತ್ರ ಸಾಧಾರಣ ಅಲೆಯಿಂದ ಸಂಪಾದಿಸಬೇಕು, ಬಿರುಗಾಳಿಯ ದಿನದ ಹತ್ತಾರು ಪಟ್ಟು ಶಕ್ತಿಯ ಹೊಡೆತವನ್ನೂ ತಡೆದುಕೊಳ್ಳಬೇಕು.

ತೇಲುವ ಚೆಂಡಿನಿಂದ ದುಂಡು ಬೆನ್ನಿನವರೆಗೆ

ಸಾಲ್ಟರ್ ಕಡಲಿನ ಎಂಜಿನಿಯರ್ ಅಲ್ಲ. ಕಲಿಕೆಯ ದಿನಗಳನ್ನು ಸಾಂಡರ್ಸ್-ರೋ ಕಂಪನಿಯಲ್ಲಿ ಕಳೆದವರು. ವಿಮಾನ, ಹೋವರ್‌ಕ್ರಾಫ್ಟ್ ಮಾಡುತ್ತಿದ್ದ ಕಂಪನಿ ಅದು. ಎಡಿನ್‌ಬರ್ಗ್‌ಗೆ ಬಂದದ್ದು ರೋಬಾಟ್ ಕೆಲಸಕ್ಕೆ. ಕೈಯಲ್ಲಿ ಮಾದರಿ ಮಾಡಿ, ಅಳೆದು, ಬಿಸಾಕಿ, ಇನ್ನೊಂದು ಮಾಡುವ ಅಭ್ಯಾಸ ಅಲ್ಲಿಂದಲೇ ಬಂದಿತ್ತು.

ಮೊದಲ ಯೋಚನೆ ಯಾರಿಗೂ ಹೊಳೆಯುವಂಥದ್ದು. ಶೌಚಾಲಯದ ಫ್ಲಶ್ ಟ್ಯಾಂಕಿನೊಳಗೆ ಕಡ್ಡಿಯ ತುದಿಗೆ ತೇಲುವ ಚೆಂಡು ಇರುತ್ತದಲ್ಲ, ಅದೇ. ಅಲೆ ಬಂದಾಗ ಏರುತ್ತದೆ, ಹೋದಾಗ ಇಳಿಯುತ್ತದೆ. ಆ ಏರಿಳಿತದಿಂದ ಪಂಪು ಓಡಿಸಬಹುದು. ಸಾಲ್ಟರ್ ಇದನ್ನು ಸಣ್ಣ ತೊಟ್ಟಿಯಲ್ಲಿ ಮಾಡಿ ಅಳೆದರು. ಬಂದ ಶಕ್ತಿಯಲ್ಲಿ ದಕ್ಕಿದ್ದು ಸ್ವಲ್ಪವೇ. ಆಮೇಲೆ ಕೀಲು ಹಾಕಿದ ನಿಲುವು ಹಲಗೆ ಇಟ್ಟು ನೋಡಿದರು. ಚೆಂಡಿಗಿಂತ ವಾಸಿ, ಆದರೂ ಸಾಲದು. ಹಲಗೆ ಹಿಂದಕ್ಕೆ ಬಾಗಿದಾಗಲೆಲ್ಲ ಬೆನ್ನ ಹಿಂದೆ ಹೊಸ ಅಲೆ ಏಳುತ್ತಿತ್ತು. ಹಿಡಿದ ಶಕ್ತಿಯನ್ನು ಹಲಗೆಯೇ ಆಚೆ ಕಡೆಗೆ ದಾಟಿಸುತ್ತಿತ್ತು.

ಈ ಪ್ರಕರಣದ ಮುಖ್ಯ ತಿರುವು ಇಲ್ಲಿದೆ. ಅಲೆಯನ್ನು ಚೆನ್ನಾಗಿ ಹೀರುವ ವಸ್ತು ಅಂದರೆ ಅಲೆಯನ್ನು ಚೆನ್ನಾಗಿ ಎಬ್ಬಿಸಬಲ್ಲ ವಸ್ತುವೇ. ನಿಂತ ನೀರಿನಲ್ಲಿ ಒಂದು ಚೆಂಡನ್ನು ಕುಣಿಸಿ ನೋಡಿ. ಎರಡೂ ಕಡೆಗೆ ಸಮನಾಗಿ ಅಲೆ ಹೋಗುತ್ತದೆ. ಇಂಥ ಎರಡೂ ಮಗ್ಗುಲು ಒಂದೇ ತರಹದ ವಸ್ತು, ಒಂದೇ ಬಗೆಯಲ್ಲಿ ಆಡುತ್ತಿದ್ದರೆ, ಬಂದ ಶಕ್ತಿಯ ಅರ್ಧಕ್ಕಿಂತ ಜಾಸ್ತಿ ಹಿಡಿಯಲಾರದು. ಇದರ ಗಣಿತ ಪೂರ್ತಿಯಾಗಿ ಬಂದದ್ದು ಒಂದೆರಡು ವರ್ಷ ಆದ ಮೇಲೆ. ಸಾಲ್ಟರ್ ಅದನ್ನು ಮೊದಲೇ ತೊಟ್ಟಿಯಲ್ಲಿ ಕಣ್ಣಾರೆ ಕಂಡಿದ್ದರು. ಹಾಗಾಗಿ ಅವರಿಗೆ ಬೇಕಾಗಿದ್ದು ಮುಂದುಗಡೆಗೆ ಮಾತ್ರ ಅಲೆ ಎಬ್ಬಿಸುವ, ಹಿಂದುಗಡೆ ನೀರನ್ನು ಕದಡದ ಆಕಾರ.

ಹಿಂದುಗಡೆಯ ಉತ್ತರ ಸರಳ. ಬೆನ್ನನ್ನು ಆಕ್ಸಲಿನ ಸುತ್ತ ಪೂರ್ತಿ ದುಂಡಗೆ ಮಾಡಿದರೆ ಅದು ಎಷ್ಟು ತಿರುಗಿದರೂ ನೀರನ್ನು ತಳ್ಳುವುದಿಲ್ಲ. ಮುಂದುಗಡೆಯದು ಸೂಕ್ಷ್ಮ. ದಡದಿಂದ ನೋಡುವಾಗ ಅಲೆಯ ಜತೆ ನೀರೂ ಓಡಿ ಬರುತ್ತಿದೆ ಅನಿಸುತ್ತದೆ. ಆಳದ ಕಡಲಲ್ಲಿ ಹಾಗಲ್ಲ. ನೀರಿನ ಒಂದೊಂದು ಕಣವೂ ಹೆಚ್ಚುಕಮ್ಮಿ ಇದ್ದಲ್ಲೇ ಸುತ್ತು ಹಾಕುತ್ತದೆ. ಮೇಲೆ ದೊಡ್ಡ ಸುತ್ತು, ಕೆಳಗಿಳಿದಂತೆ ಸಣ್ಣ ಸುತ್ತು. ಅಲೆಯ ಉದ್ದದ ಅರ್ಧದಷ್ಟು ಆಳಕ್ಕೆ ಹೋದರೆ ಆ ಸುತ್ತು ಮೇಲಿನದರ ನೂರಕ್ಕೆ ನಾಲ್ಕು ಭಾಗ ಅಷ್ಟೇ. ಸಾಲ್ಟರ್ ಮುಂಭಾಗಕ್ಕೆ ಚೂಪಾದ ಮೂತಿ ಕೊಟ್ಟು, ಅದರ ಬಾಗನ್ನು ಈ ಇಳಿಕೆಗೆ ಹೊಂದಿಸಿದರು. ಮೇಲೆ ಜಾಸ್ತಿ ಚಲನೆ, ಕೆಳಗೆ ಕಡಿಮೆ. ಬರುವ ಅಲೆಯೊಳಗೆ ನೀರು ಹೇಗೆ ಆಡುತ್ತದೋ ಮೂತಿಯೂ ಹಾಗೇ ಆಡುತ್ತದೆ.

ಕಾಗದದ ಮೇಲೆ ಕೊನೆಗೆ ಮೂಡಿದ್ದು ಒಂದು ಕಡೆ ಮೂತಿ, ಇನ್ನೊಂದು ಕಡೆ ದುಂಡು ಬೆನ್ನು ಇರುವ ಆಕಾರ. ಅಲೆ ಬಂದಾಗ ತಲೆಯಾಡಿಸುತ್ತದೆ. ಅದಕ್ಕೇ ‘ಡಕ್’, ಅಂದರೆ ಬಾತುಕೋಳಿ, ಅಂತ ಹೆಸರು. 1974ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೇಖನ ಬಂತು. ಕಿರಿದಾದ ತೊಟ್ಟಿಯಲ್ಲಿ, ಒಂದೇ ಸಮನೆ ಬರುವ ಅಲೆಗಳಲ್ಲಿ, ಒಳ್ಳೆಯ ಮಾದರಿಗಳು ನೂರಕ್ಕೆ 80ರಿಂದ 90ರಷ್ಟು ಶಕ್ತಿ ಹಿಡಿದವು. ನೀರಿನಲ್ಲಿ ಹೊಳೆಯುವ ಕಣಗಳನ್ನು ತೇಲಿಬಿಟ್ಟು ತೆಗೆದ ಒಂದು ಫೋಟೋ ಆಮೇಲೆ ತುಂಬಾ ಹೆಸರಾಯಿತು. ಮಾದರಿಯ ಮುಂದೆ ದೊಡ್ಡ ದೊಡ್ಡ ಸುತ್ತುಗಳ ಗೆರೆ ಇದೆ. ಹಿಂದೆ ನೀರು ಹೆಚ್ಚುಕಮ್ಮಿ ನಿಂತೇ ಇದೆ. ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟ ಸ್ಕೆಚ್ಚುಗಳು ಶಕ್ತಿ ತಂತ್ರಜ್ಞಾನದಲ್ಲಿ ಹೆಚ್ಚಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ತೊಟ್ಟಿಯ ಗೋಡೆ ಕಡಲಲ್ಲಿಲ್ಲ

ಈಗ ಆ ಚಿತ್ರದಲ್ಲಿ ಇಲ್ಲದ್ದನ್ನು ನೋಡೋಣ. ತೊಟ್ಟಿಯಲ್ಲಿ ಡಕ್‌ನ ಆಕ್ಸಲ್ ಬಿಗಿಯಾಗಿ ನಿಂತಿರುತ್ತದೆ. ಹಾಗಾಗಿ ಅಲೆ ಮೂತಿಯನ್ನು ತಳ್ಳಿದಾಗ ಡಕ್ ಆಕ್ಸಲಿನ ಸುತ್ತ ತಿರುಗುತ್ತದೆ, ಕೆಲಸ ಆಗುತ್ತದೆ. ನಡುಗಡಲಲ್ಲಿ ಹಿಡಿದುಕೊಳ್ಳಲು ಏನಿದೆ? ಆಕ್ಸಲ್ ಕೂಡ ತೇಲುತ್ತಿದ್ದರೆ ಎಲ್ಲವೂ ಒಟ್ಟಿಗೇ ತೂಗಾಡುತ್ತದೆ. ಆಗ ಶಕ್ತಿ ಸಿಗುವುದಿಲ್ಲ. ಅಲೆ ತಳ್ಳಿದರೆ ಸಾಲದು, ತಳ್ಳಿಸಿಕೊಳ್ಳದೆ ನಿಲ್ಲುವ ಇನ್ನೊಂದು ಭಾಗವೂ ಬೇಕು.

ಎಡಿನ್‌ಬರ್ಗ್ ತಂಡದ ಮೊದಲ ಉತ್ತರ ಉದ್ದನೆಯ ಬೆನ್ನೆಲುಬು. ನೂರಾರು ಮೀಟರ್ ಉದ್ದದ, ಹತ್ತು ಮೀಟರಿಗೂ ಮೀರಿದ ದಪ್ಪದ ಕೊಳವೆಯಂಥ ರಚನೆ. ಅದರ ಮೇಲೆ ಸಾಲಾಗಿ ಡಕ್‌ಗಳು. ಕಡಲಿನ ಅಲೆ ಎಲ್ಲೆಡೆ ಒಂದೇ ಸಲ ಏಳುವುದಿಲ್ಲ. ಬೆನ್ನೆಲುಬಿನ ಒಂದು ಕಡೆ ಅಲೆಯ ನೆತ್ತಿ ಇದ್ದರೆ ಇನ್ನೊಂದು ಕಡೆ ತಗ್ಗು. ಒಂದು ಡಕ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ. ಒಟ್ಟಿನಲ್ಲಿ ಬೆನ್ನೆಲುಬು ಹೆಚ್ಚುಕಮ್ಮಿ ನಿಂತಿರುತ್ತದೆ. ಜಾಣತನದ ಉತ್ತರವೇ. ಆದರೆ ಬಿರುಗಾಳಿಯ ದಿನ ಇಷ್ಟುದ್ದದ ಕೊಳವೆ ಮುರಿಯದೆ ಉಳಿಯಬೇಕಲ್ಲ? ಅದಕ್ಕೆ ನಡುನಡುವೆ ಕೀಲು ಹಾಕಿದರು. ಹೊರೆ ಒಂದು ಮಿತಿ ದಾಟಿದರೆ ಕೀಲು ಬಗ್ಗಿಕೊಡುತ್ತದೆ. ಹೀಗೆ ಒಂದು ಉತ್ತರ ಹೊಸ ಪ್ರಶ್ನೆ ತಂದಿತು, ಆ ಪ್ರಶ್ನೆ ಹೊಸ ಯಂತ್ರ ತಂದಿತು.

ಎರಡನೆಯ ಉತ್ತರ ಗೈರೋಸ್ಕೋಪ್. ಜೋರಾಗಿ ತಿರುಗುವ ಬುಗುರಿಯನ್ನು ಪಕ್ಕಕ್ಕೆ ವಾಲಿಸಲು ಹೋದರೆ ಅದು ಹೇಗೆ ಮೊಂಡು ಹಿಡಿಯುತ್ತದೋ, ದೊಡ್ಡ ಫ್ಲೈವೀಲ್ (ಭಾರದ ಚಕ್ರ) ಕೂಡ ಹಾಗೇ. ಡಕ್‌ನೊಳಗೇ ಅಂಥ ಭಾರೀ ಫ್ಲೈವೀಲ್‌ಗಳನ್ನು ಜೋಡಿಯಾಗಿ, ಗಾಳಿ ತೆಗೆದ ಮುಚ್ಚಿದ ಡಬ್ಬದಲ್ಲಿ ತಿರುಗಿಸುವುದು. ಡಕ್ ತಲೆಯಾಡಿಸಿದಾಗ ಅವು ತಡೆಯುವ ಬಲದ ವಿರುದ್ಧ ಪಂಪು ಕೆಲಸ ಮಾಡುವುದು. ಹೊರಗಿನ ಆಸರೆಯೇ ಬೇಡ. ಚಲಿಸುವ ಭಾಗ ಯಾವುದೂ ಉಪ್ಪುನೀರನ್ನು ಮುಟ್ಟುವುದಿಲ್ಲ. ಕೇಳಲು ಸೊಗಸು, ಕಟ್ಟಲು ಕಷ್ಟ.

ವೇಗದ ಸಮಸ್ಯೆ ಇನ್ನೊಂದು. ಅಟ್ಲಾಂಟಿಕ್‌ನ ಒಂದು ಅಲೆ ಬಂದು ಹೋಗಲು 10 ಸೆಕೆಂಡ್ ಹಿಡಿಯಿತು ಅನ್ನೋಣ. ಅಷ್ಟರಲ್ಲಿ ಡಕ್ ಒಂದು ಸಲ ತಲೆಯಾಡಿಸುತ್ತದೆ. ನಿಮಿಷಕ್ಕೆ 1500 ಸುತ್ತಿನ ಮಾಮೂಲಿ ಜನರೇಟರ್ ಅದೇ ಹೊತ್ತಿನಲ್ಲಿ 250 ಸುತ್ತು ಹಾಕಬೇಕು, ಅದೂ ಒಂದೇ ದಿಕ್ಕಿಗೆ. ನಿಧಾನದ, ಹಿಂದೆ ಮುಂದೆ ಆಡುವ, ಅಪಾರ ಬಲದ ಚಲನೆಯನ್ನು ಹೀಗೆ ಬದಲಿಸಲು ಗೇರ್ ಬಾಕ್ಸ್ ತಾಳುವುದಿಲ್ಲ. ಹೆಚ್ಚು ಒತ್ತಡದ ಎಣ್ಣೆಯ ಹೈಡ್ರಾಲಿಕ್ಸೇ ದಾರಿ. ಆದರೆ ಆಗಿನ ಹೈಡ್ರಾಲಿಕ್ ಯಂತ್ರಗಳು ಪೂರ್ತಿ ಹೊರೆಯಲ್ಲಿ ಚೆನ್ನಾಗಿ ದುಡಿದರೂ ಅರೆಹೊರೆಯಲ್ಲಿ ಶಕ್ತಿಯನ್ನು ತಿಂದುಹಾಕುತ್ತಿದ್ದವು. ಅಲೆಯ ಯಂತ್ರವೋ ಹೆಚ್ಚು ಹೊತ್ತು ಅರೆಹೊರೆಯಲ್ಲೇ ಇರುತ್ತದೆ.

ಮಾದರಿಯ ಅಳತೆ ಬಗ್ಗೆಯೂ ಒಂದು ಮಾತು. ನೂರನೇ ಒಂದರಷ್ಟು ಸಣ್ಣ ಮಾದರಿ ಮಾಡಿದರೆ ಪವರ್ ಕಡಿಮೆಯಾಗುವುದು ನೂರು ಪಟ್ಟಲ್ಲ, ಒಂದು ಕೋಟಿ ಪಟ್ಟು. ಕಡಲಲ್ಲಿ 1 ಮೆಗಾವ್ಯಾಟ್ ಅಂದರೆ ತೊಟ್ಟಿಯಲ್ಲಿ 0.1 ವ್ಯಾಟ್. ಮಾದರಿಯ ಬೇರಿಂಗು 0.02 ವ್ಯಾಟ್ ತಿಂದರೆ ಕಾಗದದ ಮೇಲೆ 200 ಕಿಲೋವ್ಯಾಟ್ ಮಾಯ. ಇದನ್ನು ಗೆಲ್ಲಲು ತಂಡದವರು ಅಳತೆಯ ಉಪಕರಣಗಳನ್ನೇ ಹೊಸದಾಗಿ ಕಟ್ಟಿದರು. 1977ರಲ್ಲಿ ಅಗಲದ ತೊಟ್ಟಿಯನ್ನೂ ಕಟ್ಟಿದರು. ಒಂದು ಬದಿಯಲ್ಲಿ ಸಾಲಾಗಿ 89 ಹಲಗೆಗಳು, ಒಂದೊಂದೂ ಬೇರೆಬೇರೆಯಾಗಿ ಕಂಪ್ಯೂಟರ್ ಹೇಳಿದಂತೆ ಆಡುವಂಥವು. ನಾನಾ ದಿಕ್ಕಿನಿಂದ ಬರುವ, ನಿಜವಾದ ಕಡಲಿನಂಥ ಅಲೆಯನ್ನು ಕೋಣೆಯೊಳಗೆ ಎಬ್ಬಿಸಲು ಅದರಿಂದ ಸಾಧ್ಯವಾಯಿತು. ಇದೇ ದಶಕದ ಕೊನೆಯಲ್ಲಿ ಲಾಕ್ ನೆಸ್ ಸರೋವರದಲ್ಲಿ ಹತ್ತನೇ ಒಂದರಷ್ಟು ಅಳತೆಯ ಡಕ್ ಸಾಲನ್ನೂ ತೇಲಿಬಿಟ್ಟು ನೋಡಿದರು.

ಸ್ಕೆಚ್ಚಿಗೆ ಕೇಳಿದ ಬೆಲೆ

ಈ ನಡುವೆ ಬ್ರಿಟಿಷ್ ಸರ್ಕಾರ ಅಲೆಶಕ್ತಿಗೆ ಹಣ ಕೊಡಲು ಶುರು ಮಾಡಿತ್ತು. ಡಕ್ ಒಂದೇ ಅಲ್ಲ. ಹೋವರ್‌ಕ್ರಾಫ್ಟ್ ಕಂಡುಹಿಡಿದ ಕ್ರಿಸ್ಟೋಫರ್ ಕಾಕರೆಲ್ ಅವರ ಕೀಲು ಜೋಡಿಸಿದ ತೆಪ್ಪಗಳಿದ್ದವು. ಲ್ಯಾಂಕಾಸ್ಟರ್‌ನ ಗಾಳಿಚೀಲ ಇತ್ತು, ಬ್ರಿಸ್ಟಲ್‌ನ ಮುಳುಗಿದ ಸಿಲಿಂಡರ್ ಇತ್ತು. ಎಲ್ಲರಿಗೂ ಒಂದೇ ಗುರಿ ಕೊಟ್ಟರು: 2000 ಮೆಗಾವ್ಯಾಟಿನ ಕಡಲ ವಿದ್ಯುತ್ ಸ್ಥಾವರದ ನಕ್ಷೆ ಬರೆಯಿರಿ, ಯೂನಿಟ್ಟಿಗೆ ಎಷ್ಟು ಬೀಳುತ್ತದೆ ಹೇಳಿ.

ನನ್ನ ಪ್ರಕಾರ ಪ್ರಕರಣ ಹಳಿ ತಪ್ಪಿದ್ದು ಇಲ್ಲೇ. ಮೀಟರಿಗೆ 50 ಕಿಲೋವ್ಯಾಟ್ ಲೆಕ್ಕ ಹಿಡಿದು, ಒಂದು ಹನಿಯೂ ನಷ್ಟವಾಗದೆ ಎಲ್ಲವೂ ದಕ್ಕಿತು ಅಂದುಕೊಂಡರೂ, ಸರಾಸರಿ 2000 ಮೆಗಾವ್ಯಾಟಿಗೆ 40 ಕಿಲೋಮೀಟರ್ ಉದ್ದದ ಯಂತ್ರಸಾಲು ಬೇಕು. ಒಂದೇ ಒಂದು ಪೂರ್ಣ ಗಾತ್ರದ ಡಕ್ ನೀರಿಗೆ ಇಳಿಯುವ ಮೊದಲೇ ಇಂಥ ಸಾಲಿನ ಬೆಲೆ ಕಟ್ಟಬೇಕಿತ್ತು. ಯಂತ್ರ ಎಷ್ಟು ವರ್ಷ ಬಾಳುತ್ತದೆ? ರಿಪೇರಿಗೆ ಹಡಗು ಎಷ್ಟು ದಿನ ಹೋಗಲು ಆಗುತ್ತದೆ? ಕಡಲಡಿಯ ಕೇಬಲ್ ಎಷ್ಟು ವರ್ಷಕ್ಕೊಮ್ಮೆ ಕೆಡುತ್ತದೆ? ಎಲ್ಲವೂ ಊಹೆ. ಒಂದು ಊಹೆ ಆಚೀಚೆ ಆದರೆ ಯೂನಿಟ್ ಬೆಲೆ ಮೇಲೆ ಕೆಳಗೆ ಹಾರುತ್ತದೆ. ಸರ್ಕಾರದ ಸಲಹೆಗಾರರ ಜತೆ ಸಾಲ್ಟರ್ ವರ್ಷಗಟ್ಟಲೆ ಜಗಳವಾಡಿದ್ದು ಇಂಥ ಊಹೆಗಳ ಮೇಲೆಯೇ.

1982ರ ಮಾರ್ಚ್‌ನಲ್ಲಿ ನಡೆದ ಸಭೆಯ ಸಲಹೆಯಂತೆ ಕಾರ್ಯಕ್ರಮಕ್ಕೆ ಕತ್ತರಿ ಬಿತ್ತು. ಆ ಸಭೆ ಬಾಗಿಲು ಮುಚ್ಚಿ ನಡೆಯಿತು, ಅಲೆಶಕ್ತಿ ಕಾರ್ಯಕ್ರಮದ ವ್ಯವಸ್ಥಾಪಕರನ್ನೇ ಕರೆದಿರಲಿಲ್ಲ ಅನ್ನೋ ಮಾತು ನಂತರ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯವಾಗಿ ಬಂತು. ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಘಟಕ ಇದ್ದದ್ದು ಹಾರ್ವೆಲ್‌ನಲ್ಲಿ, ಅಣುಶಕ್ತಿ ಪ್ರಾಧಿಕಾರದ ಆವರಣದಲ್ಲಿ. ಅಣು ವಿದ್ಯುತ್ತಿನವರು ಅಲೆಯನ್ನು ಕೊಂದರು ಅಂತ ಇಂದಿಗೂ ಹೇಳುವವರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮುಚ್ಚಿದ ಬಾಗಿಲ ಹಿಂದೆ ಸಾರ್ವಜನಿಕ ಹಣದ ತೀರ್ಮಾನ ಮಾಡಿದ್ದು ತಪ್ಪೇ. ಆದರೆ ಸಭೆಯಲ್ಲಿ ಎಲ್ಲರೂ ಅಲೆಯ ಪರವೇ ಇದ್ದಿದ್ದರೂ, ಸ್ಕೆಚ್ಚಿನಿಂದ ಯೂನಿಟ್ ಬೆಲೆ ತೆಗೆಯುವ ಲೆಕ್ಕಕ್ಕೆ ನೆಲೆ ಇರುತ್ತಿರಲಿಲ್ಲ.

ಅದೇ ವರ್ಷಗಳಲ್ಲಿ ಡೆನ್ಮಾರ್ಕಿನ ಗಾಳಿಯಂತ್ರಗಳು ಬೆಳೆದ ಬಗೆ ನೋಡಿ. 1980ರ ಸುಮಾರಿಗೆ ಅಲ್ಲಿ ಮಾರುತ್ತಿದ್ದದ್ದು 22, 30, 55 ಕಿಲೋವ್ಯಾಟಿನ ಯಂತ್ರಗಳು. ಕೊಂಡವರಲ್ಲಿ ರೈತರು ಬಹಳ. ಕೆಟ್ಟರೆ ಹತ್ತಿ ರಿಪೇರಿ ಮಾಡಿ, ಕೆಟ್ಟಿದ್ದೇಕೆ ಅಂತ ಕಲಿತು ಮುಂದಿನದನ್ನು ಕಟ್ಟಿದರು. ಜರ್ಮನಿ ಒಮ್ಮೆಲೇ 3 ಮೆಗಾವ್ಯಾಟಿನ ‘ಗ್ರೋವಿಯಾನ್’ ಕಟ್ಟಿ, ಹೆಚ್ಚು ಕಾಲ ಓಡಿಸಲಾಗದೆ 1988ರಲ್ಲಿ ಕೆಡವಿತು. ಆದರೆ ಈ ಹೋಲಿಕೆಯನ್ನು ತೀರಾ ಎಳೆಯಬಾರದು. ಗಾಳಿಯಂತ್ರವನ್ನು ಸಣ್ಣದಾಗಿ ಮಾಡಿ ಹೊಲದಲ್ಲಿ ನಿಲ್ಲಿಸಬಹುದು. ಡಕ್‌ನ ಗಾತ್ರವನ್ನು ಅಲೆಯೇ ನಿರ್ಧರಿಸುತ್ತದೆ. ಅಟ್ಲಾಂಟಿಕ್‌ನ ನೂರೈವತ್ತು ಮೀಟರ್ ಉದ್ದದ ಅಲೆಗೆ ಒಂದೆರಡು ಮೀಟರಿನ ಡಕ್ ಒಡ್ಡಿದರೆ ಅದಕ್ಕೆ ಏನೂ ಸಿಗದು. ಸಣ್ಣದರಿಂದ ಕಲಿಯಬೇಕಾದರೆ ಸಣ್ಣ ಅಲೆಯ ಕಡಲಿಗೇ ಹೋಗಬೇಕಿತ್ತು, ಇಲ್ಲವೇ ಬೆನ್ನೆಲುಬು ಬಿಟ್ಟು ಒಂದೇ ಡಕ್ ಮೇಲೆ ಹಣ ಹಾಕಬೇಕಿತ್ತು. ಒಂಟಿ ಡಕ್‌ನ ವಿನ್ಯಾಸವನ್ನೂ ಎಡಿನ್‌ಬರ್ಗ್‌ನವರು ಮುಂದೆ ಮಾಡಿದರು. ಅಷ್ಟರಲ್ಲಿ ಎಣ್ಣೆ ಬೆಲೆ ಬಿದ್ದಿತ್ತು, ಹಣ ಕೊಡುವವರು ಇರಲಿಲ್ಲ. ಪೂರ್ಣ ಗಾತ್ರದ ಡಕ್ ಇಂದಿಗೂ ಕಡಲಿಗೆ ಇಳಿದಿಲ್ಲ.

ಆ ಕೆಲಸದಿಂದ ಹುಟ್ಟಿದ್ದು ಮಾತ್ರ ಹಲವು ಕಡೆ ದುಡಿಯುತ್ತಿದೆ. ಅರೆಹೊರೆಯ ಹೈಡ್ರಾಲಿಕ್ ಸಮಸ್ಯೆಗೆ ಸಾಲ್ಟರ್ ಮತ್ತು ವಿನ್ ರಾಂಪೆನ್ ಕಂಡುಕೊಂಡ ಉತ್ತರ ಪಂಪಿನ ಪ್ರತಿ ಸಿಲಿಂಡರಿನ ವಾಲ್ವನ್ನೂ ಕಂಪ್ಯೂಟರ್ ಕೈಗೆ ಕೊಡುವುದು. ಬೇಕಾದ ಸಿಲಿಂಡರ್ ಮಾತ್ರ ದುಡಿಯುತ್ತದೆ, ಉಳಿದವು ಸುಮ್ಮನಿರುತ್ತವೆ. 1994ರಲ್ಲಿ ಶುರುವಾದ ಆರ್ಟೆಮಿಸ್ ಕಂಪನಿ ಇದನ್ನು ಬೆಳೆಸಿತು. ಮಿತ್ಸುಬಿಷಿ ಅದನ್ನು ಕೊಂಡು 7 ಮೆಗಾವ್ಯಾಟಿನ ಗಾಳಿಯಂತ್ರದಲ್ಲಿ ಬಳಸಿತು. ಈಗ ಡೆನ್ಮಾರ್ಕಿನ ಡ್ಯಾನ್‌ಫಾಸ್ ಕಂಪನಿಯ ಕೈಯಲ್ಲಿದೆ. ಮಣ್ಣು ಅಗೆಯುವ ದೊಡ್ಡ ಯಂತ್ರಗಳಲ್ಲಿ ಡೀಸೆಲ್ ಉಳಿಸಲು ಇದೇ ಪಂಪು. ಅಲೆ ಎಬ್ಬಿಸುವ, ಹೀರುವ ಹಲಗೆಗಳ ತಂತ್ರ ಬೇರೆ ದೇಶಗಳ ಪ್ರಯೋಗಾಲಯಗಳಿಗೂ ಹೋಯಿತು. ಸಾಲ್ಟರ್ ಜತೆ ಕೆಲಸ ಕಲಿತ ರಿಚರ್ಡ್ ಯೆಮ್ ಕಟ್ಟಿದ ‘ಪೆಲಾಮಿಸ್’ ಅಲೆಯಂತ್ರ 2004ರಲ್ಲಿ ಸ್ಕಾಟ್ಲೆಂಡಿನ ಆರ್ಕ್‌ನಿ ದ್ವೀಪಗಳಿಂದ ಗ್ರಿಡ್‌ಗೆ ಕರೆಂಟು ಕೊಟ್ಟಿತು. 2008ರಲ್ಲಿ ಪೋರ್ಚುಗಲ್ ಕಡಲಿಗೆ ಅಂಥ ಮೂರು ಯಂತ್ರ ಇಳಿದವು. ಆ ಕಂಪನಿಯೂ 2014ರಲ್ಲಿ ಮುಚ್ಚಿತು.

ನಮ್ಮ ಕಡೆ ಇದೇ ಪ್ರಶ್ನೆಯನ್ನು ಬೇರೆ ರೀತಿ ಹಿಡಿದವರು ಮದ್ರಾಸ್ ಐಐಟಿಯವರು. 1980ರ ದಶಕದಲ್ಲಿ ಅವರು ಆರಿಸಿಕೊಂಡದ್ದು ಸರಳ ಯಂತ್ರ. ಕಾಂಕ್ರೀಟಿನ ಕೋಣೆಯೊಳಗೆ ಅಲೆ ಏರಿಳಿದಾಗ ಮೇಲಿನ ಗಾಳಿ ಹೊರಗೂ ಒಳಗೂ ನುಗ್ಗುತ್ತದೆ. ಗಾಳಿ ಯಾವ ಕಡೆ ನುಗ್ಗಿದರೂ ಒಂದೇ ದಿಕ್ಕಿಗೆ ತಿರುಗುವ ವೆಲ್ಸ್ ಟರ್ಬೈನ್ ಮೇಲೆ ಕೂತಿರುತ್ತದೆ. 1991ರಲ್ಲಿ ತಿರುವನಂತಪುರದ ಹತ್ತಿರ ವಿಳಿಂಜಂ ಬಂದರಿನ ತಡೆಗೋಡೆಯ ಬಳಿ 150 ಕಿಲೋವ್ಯಾಟಿನ ಘಟಕ ಶುರುವಾಯಿತು. ನೆಲದ ಮೇಲೆ ಭದ್ರವಾಗಿ ಕೂತಿದ್ದರಿಂದ ಆಸರೆಯ ಪ್ರಶ್ನೆಯೇ ಇರಲಿಲ್ಲ. ಕೆಟ್ಟರೆ ಹೋಗಿ ನೋಡಬಹುದಿತ್ತು. ಅಲೆ ಸಣ್ಣದಾದಾಗ ಜನರೇಟರೇ ಗ್ರಿಡ್‌ನಿಂದ ಕರೆಂಟು ಎಳೆದು ಮೋಟಾರಿನಂತೆ ತಿರುಗುತ್ತದೆ ಅನ್ನೋದು ಗೊತ್ತಾದದ್ದು ಹಾಗೆ. 1990ರ ದಶಕದ ಮಧ್ಯದಲ್ಲಿ ದೊಡ್ಡ ಟರ್ಬೈನ್ ತೆಗೆದು ಸಣ್ಣ ಜೋಡಿ ಟರ್ಬೈನ್ ಹಾಕಿದರು. ಮುಂದೆ ಸಮುದ್ರದ ನೀರನ್ನು ಸಿಹಿನೀರು ಮಾಡುವ ಪ್ರಯೋಗಕ್ಕೂ ಅದೇ ಘಟಕ ಬಳಕೆಯಾಯಿತು. ವ್ಯಾಪಾರಕ್ಕೆ ಅದು ಗೆಲ್ಲಲಿಲ್ಲ. ಆದರೆ ಅಲ್ಲಿ ಸಿಕ್ಕ ಅಂಕಿಗಳು ಊಹೆಯಲ್ಲ, ಅಳೆದವು.

ನಮ್ಮ ಕರಾವಳಿಗೆ ಯಾರಾದರೂ ಅಲೆಯಂತ್ರದ ನಕ್ಷೆ ಬರೆಯುವುದಾದರೆ ಅಟ್ಲಾಂಟಿಕ್‌ನ ಡಕ್ ಇಲ್ಲಿಗೆ ಹೊಂದುವುದಿಲ್ಲ. ಭಾರತದ ತೀರದಲ್ಲಿ ವರ್ಷದ ಸರಾಸರಿ ಮೀಟರಿಗೆ ಸುಮಾರು 5ರಿಂದ 10 ಕಿಲೋವ್ಯಾಟ್. ಕಾರವಾರದಿಂದ ಮಂಗಳೂರಿನವರೆಗೆ ಅದರಲ್ಲೂ ಹೆಚ್ಚಿನ ಪಾಲು ಬರುವುದು ಮಳೆಗಾಲದಲ್ಲಿ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದ ಜೂನ್–ಜುಲೈಯ ಆಸುಪಾಸಿನಲ್ಲೇ. ಯಂತ್ರ ಅತಿ ಹೆಚ್ಚು ದುಡಿಯುವ ಆ ವಾರಗಳಲ್ಲಿ ಅದರ ಹತ್ತಿರ ದೋಣಿ ಒಯ್ಯುವುದು ಕಷ್ಟ. ಇಲ್ಲಿನ ಮೊದಲ ಸ್ಕೆಚ್ಚಿನಲ್ಲಿ ಮೂತಿಯ ಬಾಗಿಗಿಂತ ಮೊದಲು ಬರೆಯಬೇಕಾದದ್ದು, ಮಳೆಗಾಲದ ನಡುವೆ ಅದು ಕೆಟ್ಟರೆ ಸರಿಮಾಡುವವರು ಎಲ್ಲಿಂದ, ಹೇಗೆ ತಲುಪುತ್ತಾರೆ ಅನ್ನೋ ದಾರಿ.